ಕಲ್ಯಾಣನಗರದಿಂದ ಕಲ್ಯಾಣಕ್ಕೆ

ಧಾರವಾಡದ ಕಲ್ಯಾಣನಗರದಿಂದ ನಮ್ಮ ಮಿನಿ ಬಸ್ಸು ಹೊರಟಾಗ ಬೆಳಗಿನ ಐದು ಗಂಟೆ. ಚಳಿಗಾಲದ ಮಂಜು ಇನ್ನೂ ಕರಗಿರಲಿಲ್ಲ. ಪ್ರತಿ ಸೋಮವಾರ ಸಂಜೆ ಒಂದೆಡೆ ಕೂಡಿ ವಚನಗಳನ್ನು ಓದುವ ನಮ್ಮ ಚಿಕ್ಕ ಬಳಗ ಬಸವಕಲ್ಯಾಣವನ್ನು ಕಂಡು ಬರಬೇಕೆಂದು ಬಹುಕಾಲದಿಂದ ಬಯಸಿತ್ತು. ಆ ಬಯಕೆ ಕೈಗೂಡಿದ ದಿನ ಹಿರಿಯರು, ಹೆಣ್ಣುಮಕ್ಕಳು, ಮೊಮ್ಮಕ್ಕಳೆಲ್ಲ ಸೇರಿ ಹತ್ತೊಂಬತ್ತು ಜನ ಹಣೆಗೆ ವಿಭೂತಿ ಧರಿಸಿ, ಬುತ್ತಿ ಕಟ್ಟಿಕೊಂಡು ಹೊರಟೆವು.

ಹೊರಟ ಬಡಾವಣೆಯ ಹೆಸರೂ ಕಲ್ಯಾಣ, ಸೇರಬೇಕಾದ ಊರಿನ ಹೆಸರೂ ಕಲ್ಯಾಣ. ಈ ಎರಡು ಕಲ್ಯಾಣಗಳ ನಡುವಿನ ದಾರಿಯಲ್ಲಿ ನಮ್ಮ ಮನಸ್ಸನ್ನು ಕಾಡಿದ ಒಂದು ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಒಬ್ಬರ ಅಭಿಪ್ರಾಯ ನಮಗೆ ಒಪ್ಪಿಗೆಯಾಗದಿದ್ದರೆ ಅವರನ್ನು ದ್ವೇಷಿಸಬೇಕೆ? ಮತಭೇದವು ಮನಭೇದವಾಗಲೇಬೇಕೆ?

ಈ ಪ್ರಶ್ನೆ ಕಲ್ಯಾಣನಗರದ ಬೀದಿಯಲ್ಲಿಯೇ ಹುಟ್ಟಿತು. 2015ರ ಆಗಸ್ಟ್ 30ರ ಮುಂಜಾನೆ ಈ ಬಡಾವಣೆಯ ತಮ್ಮ ಮನೆಯಲ್ಲಿಯೇ ಡಾ. ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆಯುವುದು ಆ ಮನೆಯ ರೂಢಿಯಾಗಿತ್ತು. ಸಂಶೋಧನೆಯ ವಿದ್ಯಾರ್ಥಿಗಳು, ಹಸ್ತಪ್ರತಿ ಹಿಡಿದು ಬಂದವರು, ಶಾಸನದ ಸಂದೇಹವಿದ್ದವರು ಯಾವ ಹೊತ್ತಿನಲ್ಲಾದರೂ ಬರಬಹುದಿತ್ತು. ಅಂದೂ ಬಾಗಿಲು ತೆರೆಯಿತು. ಒಳಗೆ ಬಂದದ್ದು ಮೃತ್ಯು. ನಮ್ಮ ಬಸ್ಸು ಆ ಬೀದಿಯನ್ನು ದಾಟುವಾಗ ಯಾರೂ ಮಾತನಾಡಲಿಲ್ಲ. ಕೆಲವರು ಎದೆಯ ಮೇಲಿನ ಇಷ್ಟಲಿಂಗದ ಮೇಲೆ ಕೈಯಿಟ್ಟುಕೊಂಡುದನ್ನು ನಾವು ಕಂಡೆವು.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಬೇಕು. ಕಲಬುರ್ಗಿಯವರ ‘ಮಾರ್ಗ’ದ ಮೊದಲ ಸಂಪುಟ ಬಂದಾಗ, 1980ರ ದಶಕದ ಕೊನೆಯಲ್ಲಿ, ಶರಣರ ಜೀವನದ ಬಗೆಗೆ ಅವರು ಮಾಡಿದ ಕೆಲವು ಊಹೆಗಳು ಸಮಾಜದಲ್ಲಿ ದೊಡ್ಡ ಬಿರುಗಾಳಿಯನ್ನೆಬ್ಬಿಸಿದವು. ಒತ್ತಡಕ್ಕೆ ಮಣಿದು ಅವರು ಆ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ತಮ್ಮ ಕುಟುಂಬದ ಸಲುವಾಗಿ ಹಾಗೆ ಮಾಡಿದುದಾಗಿಯೂ, ಅಂದೇ ಬೌದ್ಧಿಕವಾಗಿ ತಾವು ಸತ್ತುದಾಗಿಯೂ ಅವರು ಮುಂದೆ ನೊಂದು ನುಡಿದಿದ್ದರು. ಆಗ ನಾವು ಬಿಸಿರಕ್ತದ ತರುಣರು. ಊರಿನಲ್ಲಿ ಸಿದ್ಧವಾದ ಒಂದು ಖಂಡನೆಯ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಪುಸ್ತಕವನ್ನು ಓದಿರಲಿಲ್ಲ. ಓದಿದವರು ಹೇಳಿದುದನ್ನೂ ಕೇಳಿರಲಿಲ್ಲ; ಓದದವರು ಹೇಳಿದುದನ್ನು ಕೇಳಿದ್ದೆವು. ಬಹಳ ವರ್ಷಗಳ ಮೇಲೆ ಓದಿದೆವು. ಈಗಲೂ ಆ ಊಹೆಗಳಲ್ಲಿ ಕೆಲವು ನಮಗೆ ಒಪ್ಪಿಗೆಯಿಲ್ಲ. ಆದರೆ ಒಪ್ಪಿಗೆಯಿಲ್ಲವೆಂಬುದನ್ನು ಓದಿ ತಿಳಿದು ಹೇಳುವುದಕ್ಕೂ ಓದದೆ ಕೂಗುವುದಕ್ಕೂ ಇರುವ ಅಂತರ ನಮಗೆ ಆ ಸಹಿಯನ್ನು ನೆನೆದಾಗಲೆಲ್ಲ ಚುಚ್ಚುತ್ತದೆ.

ಇನ್ನೊಂದು ಮಾತು. ಸೋಮವಾರದ ಕೂಟದಲ್ಲಿ ನಾವು ಓದುವುದು 1993ರಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ ಹದಿನೈದು ಸಂಪುಟಗಳಿಂದ. ಆ ಮಹಾಕಾರ್ಯದ ಪ್ರಧಾನ ಸಂಪಾದಕರು ಇದೇ ಕಲಬುರ್ಗಿಯವರು. ಅವರನ್ನು ಒಪ್ಪದವರ ಮನೆಯ ಜಗುಲಿಯಲ್ಲಿಯೂ ಅವರ ಶ್ರಮದಿಂದ ಬಂದ ವಚನಗಳಿವೆ. ವ್ಯಕ್ತಿಯೊಬ್ಬನು ಅವನ ಒಂದು ಅಭಿಪ್ರಾಯಕ್ಕಿಂತ ದೊಡ್ಡವನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಬಸ್ಸಿನೊಳಗೂ ಒಂದು ಮುನಿಸು ಪ್ರಯಾಣ ಮಾಡುತ್ತಿತ್ತು. ಮುಂದಿನ ಆಸನದಲ್ಲಿ ಕುಳಿತವರು ನಿವೃತ್ತ ಮುಖ್ಯೋಪಾಧ್ಯಾಯರು, ಊರಿಗೆಲ್ಲ ‘ಮಾಸ್ತರರು’. ಕೊನೆಯ ಆಸನದಲ್ಲಿ ಕುಳಿತವರು ಅಡತಿ ಅಂಗಡಿಯ ಯಜಮಾನರು, ಎಲ್ಲರಿಗೂ ‘ಸಾವಕಾರರು’. ಇಬ್ಬರೂ ಬೀಗರು. ಮಾಸ್ತರರ ಮಗಳು ಸಾವಕಾರರ ಮನೆಯ ಸೊಸೆ. ಮಾಸ್ತರರದು ವಿರಕ್ತ ಮಠದ ಭಕ್ತರ ಮನೆತನ. ಸಾವಕಾರರದು ಪಂಚಪೀಠಗಳಲ್ಲೊಂದಕ್ಕೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆತನ. ಬೀಗತನ ಬೆಳೆದು ಬಂದ ವರ್ಷಗಳಲ್ಲಿ ಈ ಭೇದ ಯಾರಿಗೂ ಅಡ್ಡ ಬಂದಿರಲಿಲ್ಲ. 2018ರಲ್ಲಿ ಅಡ್ಡ ಬಂತು.

ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಬಸವಣ್ಣನವರೇ ಧರ್ಮಗುರುಗಳು, ಲಿಂಗಾಯತವೇ ಬೇರೆಯೆಂಬುದು ಮಾಸ್ತರರ ನಿಲುವು. ವೀರಶೈವ ಲಿಂಗಾಯತ ಎರಡೂ ಒಂದೇ, ಪರಂಪರೆ ಅದಕ್ಕಿಂತ ಹಳೆಯದೆಂಬುದು ಸಾವಕಾರರ ನಿಲುವು. ಇಬ್ಬರೂ ಓದಿಕೊಂಡವರು, ಇಬ್ಬರೂ ನಿತ್ಯ ಲಿಂಗಪೂಜೆ ತಪ್ಪಿಸದವರು. ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮದ ದಿನ ಊಟದ ಪಂಕ್ತಿಯಲ್ಲಿ ವಾದ ಎದ್ದಿತು. ವಾದದ ಭರದಲ್ಲಿ ಒಬ್ಬರು ಇನ್ನೊಬ್ಬರ ಗುರುಗಳನ್ನು ಕುರಿತು ಆಡಬಾರದ ಮಾತನ್ನಾಡಿದರು. ಮಾಸ್ತರರು ಅರ್ಧ ಉಂಡ ಎಡೆಯನ್ನು ಬಿಟ್ಟೆದ್ದರು. ಅಂದಿನಿಂದ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಆಚೆಗೂ ಈಚೆಗೂ ನಡುವೆ ಸಿಕ್ಕು ಸವೆದವಳು ಮಗಳು. ತೌರಿಗೆ ಬಂದರೆ ಅತ್ತೆಯ ಮನೆಗೆ ಸಂಕೋಚ, ಬಾರದಿದ್ದರೆ ತಂದೆಗೆ ನೋವು. ಪ್ರವಾಸಕ್ಕೆ ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಿದವಳೂ ಅವಳೇ.

ತೊಟ್ಟಿಲಲ್ಲಿದ್ದ ಆ ಮಗು ಈಗ ಶಾಲೆಗೆ ಹೋಗುವ ಹುಡುಗಿ. ಬಸ್ಸಿನಲ್ಲಿ ಅವಳು ಇಬ್ಬರಿಗೂ ಅಂಚೆಯವಳಾಗಿದ್ದಳು. “ಅಜ್ಜಾರ, ಹಿಂದಿನ ಅಜ್ಜಾರು ಕಿಟಕಿ ಮುಚ್ಚಂತಾರ, ಥಂಡಿ ಬರ್ತೈತಂತ,” ಎಂದು ಮುಂದೆ ಬಂದು ಹೇಳುವಳು. “ಮುಚ್ಚೇನಂತ ಹೇಳವ್ವಾ,” ಎಂದು ಮಾಸ್ತರರು ಕಿಟಕಿ ಎಳೆಯುವರು. ಹತ್ತು ಅಡಿಯ ಅಂತರಕ್ಕೆ ಒಬ್ಬ ದೂತೆ ಬೇಕಾದುದನ್ನು ಕಂಡು ನಮಗೆ ನಗೆಯೂ ಬಂತು, ಸಂಕಟವೂ ಆಯಿತು.

ಬಾಗಲಕೋಟೆಯನ್ನು ದಾಟಿ ಕೂಡಲಸಂಗಮವನ್ನು ಮುಟ್ಟಿದಾಗ ಬಿಸಿಲು ಏರಿತ್ತು. ಕೃಷ್ಣೆ ಮಲಪ್ರಭೆಯರು ಕೂಡುವ ಈ ನೆಲದಲ್ಲಿ ಬಸವಣ್ಣನವರು ಬಾಲ್ಯದಲ್ಲಿ ವಿದ್ಯೆ ಕಲಿತರು. ಕೊನೆಗೆ ಇಲ್ಲಿಯೇ ಐಕ್ಯರಾದರು. ನಾರಾಯಣಪುರದ ಅಣೆಕಟ್ಟಿನಿಂದ ನೀರು ಏರಿದಾಗ ಐಕ್ಯಸ್ಥಳವು ಮುಳುಗದಂತೆ ಸುತ್ತಲೂ ಬಾವಿಯಂತಹ ಗೋಡೆಯನ್ನು ಕಟ್ಟಿ ಕಾಪಾಡಲಾಗಿದೆ. ಮೆಟ್ಟಿಲಿಳಿದು ಕೆಳಗೆ ಹೋದರೆ ಹೊರಗಿನ ಸದ್ದೆಲ್ಲ ಅಡಗುತ್ತದೆ. ಎರಡು ಹೊಳೆಗಳು ಕೂಡಿದಲ್ಲಿ ಯಾವ ನೀರು ಯಾವುದೆಂದು ಹೇಳಲು ಬರುವುದಿಲ್ಲ. ಆದರೆ ಮೇಲೆ ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಹುಟ್ಟು ಉಂಟು. ಸಾವಕಾರರು ಒಬ್ಬರೇ ದಂಡೆಯ ಮೇಲೆ ನಿಂತು ಬಹಳ ಹೊತ್ತು ನೀರನ್ನು ನೋಡುತ್ತಿದ್ದರು.

ಅಲ್ಲಿಂದ ಬಸವನ ಬಾಗೇವಾಡಿ. ಬಸವಣ್ಣನವರ ಜೀವನದ ಮೊದಲ ಭಿನ್ನಾಭಿಪ್ರಾಯ ಈ ಊರಿನಲ್ಲಿ, ಅದೂ ಹೆತ್ತವರೊಡನೆಯೇ ನಡೆಯಿತು. ಎಂಟು ವರ್ಷದ ಬಾಲಕ ಉಪನಯನವನ್ನು ನಿರಾಕರಿಸಿ ಮನೆಯಿಂದ ಹೊರಬಿದ್ದನೆಂದು ಪರಂಪರೆ ಹೇಳುತ್ತದೆ. ಅಕ್ಕ ನಾಗಮ್ಮ ತಮ್ಮನ ಬೆನ್ನಿಗೆ ನಿಂತರು. ತನಗೆ ಒಪ್ಪಿಗೆಯಾಗದುದನ್ನು ಆ ಬಾಲಕ ಧರಿಸಲಿಲ್ಲ. ಅದಕ್ಕಾಗಿ ಸುಖದ ಮನೆಯನ್ನೇ ಬಿಟ್ಟನು. ಆದರೆ ತಂದೆತಾಯಿಯರನ್ನು ಶಪಿಸಿ ಹೋದನೆಂದು ಯಾವ ಕಥೆಯೂ ಹೇಳುವುದಿಲ್ಲ. ಭಿನ್ನವಾಗುವುದಕ್ಕೆ ಬೆಲೆ ತೆರಬೇಕಾದರೆ ಆ ಬೆಲೆಯನ್ನು ತಾನು ತೆತ್ತನೇ ಹೊರತು ಇತರರಿಂದ ಕೀಳಲಿಲ್ಲ.

ಮುಂದೆ ದೇವರ ಹಿಪ್ಪರಗಿ, ಮಡಿವಾಳ ಮಾಚಯ್ಯನವರ ಊರು. ಆಮೇಲೆ ಸಿಂದಗಿ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ ಗುಬ್ಬೇವಾಡ ಇದೇ ಸೀಮೆಯದು. ಬಿಳಿಜೋಳ, ಕಡಲೆ, ತೊಗರಿಯ ಹೊಲಗಳು ದಿಗಂತದವರೆಗೆ ಹಬ್ಬಿದ ಎರೆಯ ನೆಲ. ಇಂತಹ ಹಳ್ಳಿಯಿಂದ ಹೊರಟ ಒಬ್ಬ ಹುಡುಗ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿ, ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಮುಟ್ಟಿಸುವ ಕೆಲಸದ ಮುಂದಾಳಾದುದನ್ನು ನೆನೆದು ಮನಸ್ಸು ತುಂಬಿ ಬಂತು. ಜೇವರ್ಗಿಯನ್ನು ದಾಟಿ ಭೀಮೆಯ ಸೇತುವೆಯ ಮೇಲೆ ಸಾಗುವಾಗ ಸೂರ್ಯ ಮುಳುಗುತ್ತಿದ್ದನು. ಅಂದಿನ ರಾತ್ರಿ ಕಲಬುರಗಿಯಲ್ಲಿ ತಂಗಿ, ಮರುದಿನ ನಸುಕಿನಲ್ಲಿ ಶರಣಬಸವೇಶ್ವರರ ಗುಡಿಗೆ ಹೋಗಿ ದರ್ಶನ ಪಡೆದು, ಹುಮನಾಬಾದಿನ ಮಾರ್ಗವಾಗಿ ಬಸವಕಲ್ಯಾಣದ ಕಡೆಗೆ ನಡೆದೆವು.

ಕಲ್ಯಾಣ ಕೆಟ್ಟ ಮೇಲೆ ಚನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರ ಒಂದು ತಂಡ ಉಳವಿಗೆ ಹೋಯಿತಷ್ಟೆ. ಆ ದಾರಿ ನಮ್ಮ ಧಾರವಾಡದ ಸೀಮೆಯ ಮೂಲಕವೇ ಹಾಯ್ದಿದೆ. ವಚನಗಳ ಕಟ್ಟುಗಳನ್ನು ಹೊತ್ತು ಅವರು ದಕ್ಷಿಣಕ್ಕೆ ಬಂದರು. ನಾವು ಎಂಟೂವರೆ ಶತಮಾನಗಳ ಮೇಲೆ ಉತ್ತರಕ್ಕೆ ಮುಖಮಾಡಿ ಹೊರಟಿದ್ದೆವು.

ಬೀದರ ಜಿಲ್ಲೆಯ ಬಸವಕಲ್ಯಾಣ ಇಂದು ನೋಡುವವರಿಗೆ ಒಂದು ಸಾಮಾನ್ಯ ತಾಲ್ಲೂಕು ಕೇಂದ್ರ. ಆದರೆ 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಇದು ದಕ್ಷಿಣಾಪಥದ ದೊಡ್ಡ ನಗರಗಳಲ್ಲೊಂದಾಗಿ ಬೆಳೆಯಿತು. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದಿಂದ ಬಂದ ಬಿಲ್ಹಣನಿದ್ದನು; ಹಿಂದೂ ನ್ಯಾಯಶಾಸ್ತ್ರಕ್ಕೆ ಆಧಾರವಾದ ‘ಮಿತಾಕ್ಷರಾ’ವನ್ನು ವಿಜ್ಞಾನೇಶ್ವರನು ಇಲ್ಲಿ ಬರೆದನು. 12ನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯರ ಕೈಯಿಂದ ಅಧಿಕಾರ ಕಲಚುರಿ ಬಿಜ್ಜಳನ ಕೈಗೆ ಹೋಯಿತು. ಅವನ ಭಂಡಾರವನ್ನು ನೋಡಿಕೊಂಡವರೇ ಬಸವಣ್ಣನವರು.

ಊರಿನ ಕೋಟೆಯನ್ನು ಮೊದಲು ಕಂಡೆವು. ದೂರದಿಂದ ಸುಲಭವಾಗಿ ಕಣ್ಣಿಗೆ ಬೀಳದಂತೆ ತಗ್ಗಿನಲ್ಲಿ ಅಡಗಿ ಕುಳಿತ ಕೋಟೆಯದು. ಚಾಲುಕ್ಯರ ಕಲ್ಲಿನ ಮೇಲೆ ಬಹಮನಿಯವರ ಕಲ್ಲು, ಅದರ ಮೇಲೆ ನವಾಬರ ಗಚ್ಚು. ಅನಂತರ ಊರ ನಡುವಿನ ಬಸವೇಶ್ವರ ಗುಡಿ, ಪರುಷಕಟ್ಟೆ, ಪ್ರಭುದೇವರ ಗದ್ದುಗೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಮಾಚಯ್ಯನ ಹೊಂಡ ಇವನ್ನೆಲ್ಲ ಸುತ್ತಿದೆವು. ‘ಬಂದವರ ಓಣಿ’ ಎಂಬ ಹೆಸರನ್ನು ಕೇಳಿ ನಾವು ನಿಂತೆವು. ಹೊರಗಿನಿಂದ ಬಂದ ಶರಣರು ಇಳಿದುಕೊಳ್ಳುತ್ತಿದ್ದ ಓಣಿಯಂತೆ. ಕಾಶ್ಮೀರದಿಂದ ಬಂದ ಅರಸ, ಉಡುತಡಿಯಿಂದ ಬಂದ ಅಕ್ಕ, ಸೊನ್ನಲಿಗೆಯಿಂದ ಬಂದ ಸಿದ್ಧರಾಮ ಎಲ್ಲರಿಗೂ ಇಲ್ಲಿ ಇಳಿದಾಣವಿತ್ತು. ಬಂದವರಿಗಾಗಿಯೇ ಒಂದು ಓಣಿಯನ್ನು ಮೀಸಲಿಟ್ಟ ಊರಿದು.

ತ್ರಿಪುರಾಂತಕ ಕೆರೆಯ ಬಳಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಮುಂದೆ ನಿಂತು ಕಟ್ಟಿಸಿದ ಅನುಭವ ಮಂಟಪವಿದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಮಹನೀಯರು ಅವರು. ಅವರ ಹೋರಾಟ ಕನ್ನಡವನ್ನು ಅಳಿಸುವ ನೀತಿಯೊಡನೆ ಇತ್ತು, ಉರ್ದು ಭಾಷೆಯೊಡನೆ ಇರಲಿಲ್ಲ. ಹೊಸದಾಗಿ ದೊಡ್ಡ ಅನುಭವ ಮಂಟಪವೊಂದಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. 770 ಅಮರಗಣಂಗಳ ನೆನಪಿಗೆ 770 ಕಂಬಗಳ ಯೋಜನೆ ಅದು. 12ನೆಯ ಶತಮಾನದ ಅನುಭವ ಮಂಟಪ ಒಂದು ಕಟ್ಟಡವಾಗಿತ್ತೆ, ಶರಣರ ಕೂಟವೇ ಮಂಟಪವೆನಿಸಿತ್ತೆ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಅಲ್ಲಿ ನಡೆದುದು ಚರ್ಚೆಯೆಂಬ ನಂಬಿಕೆ ನಮ್ಮೆಲ್ಲರದು.

ಎಂತಹ ಚರ್ಚೆ? 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಜೋಡಿಸಿ ಸಂಪಾದಿಸಿದ ‘ಶೂನ್ಯಸಂಪಾದನೆ’ಯನ್ನು ತೆರೆದರೆ ಪುಟಪುಟದಲ್ಲಿಯೂ ಭಿನ್ನಾಭಿಪ್ರಾಯವೇ. ಕೆರೆ ಕಟ್ಟೆಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಬಿರುನುಡಿಯಿಂದ ಕೆಣಕುತ್ತಾರೆ. ಸಿದ್ಧರಾಮರ ಶಿಷ್ಯರು ಕಲ್ಲು ತೂರುತ್ತಾರೆ. ಆದರೆ ಕಥೆ ಕಲ್ಲಿನಲ್ಲಿ ಮುಗಿಯುವುದಿಲ್ಲ. ಇಬ್ಬರೂ ಜೊತೆಯಾಗಿ ಕಲ್ಯಾಣಕ್ಕೆ ನಡೆಯುವುದರಲ್ಲಿ ಮುಂದುವರಿಯುತ್ತದೆ. ಅಕ್ಕಮಹಾದೇವಿಯನ್ನು ತುಂಬಿದ ಸಭೆಯಲ್ಲಿ ಪ್ರಭುಗಳು ಕಠಿಣವಾಗಿ ಪ್ರಶ್ನಿಸುತ್ತಾರೆ. ಆಕೆ ಒಂದೊಂದಕ್ಕೂ ಎದುರುತ್ತರ ಕೊಡುತ್ತಾಳೆ. ಕೊನೆಗೆ ಸಭೆಯೇ ಆಕೆಗೆ ತಲೆಬಾಗುತ್ತದೆ. ಗಂಡ ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಕಂಡು ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳುತ್ತಾಳೆ. ಮಾರಯ್ಯ ಮುನಿಯದೆ ತಿದ್ದಿಕೊಳ್ಳುತ್ತಾನೆ. ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಲಿಂಗವನ್ನು ತಿರುಗಿ ನೋಡದ ಚಂದಯ್ಯನೊಡನೆ ವಾದ ಮಾಡಿ ಸಮಾಧಾನಕ್ಕೆ ತಂದವರು ಮಡಿವಾಳ ಮಾಚಯ್ಯ.

ಇನ್ನೂ ಒಂದು ಸಂಗತಿ ಗಮನಾರ್ಹವಾದುದು. ಮೊದಲ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗವಿರಲಿಲ್ಲ. ಇದು ಸರಿಯಲ್ಲವೆಂದು ತೋರಿದ ಮುಂದಿನವರು ಆ ಪ್ರಸಂಗವನ್ನು ಸೇರಿಸಿ ಕೃತಿಯನ್ನು ಮತ್ತೆ ಸಂಪಾದಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳಾದವು. ನಾಲ್ಕೂ ಉಳಿದು ಬಂದಿವೆ. ದೀಕ್ಷೆಯಂತಹ ಮೂಲಭೂತ ವಿಷಯದಲ್ಲಿಯೇ ಭಿನ್ನಮತ ಬಂದಾಗ ನಮ್ಮ ಹಿರಿಯರು ಹಳೆಯ ಓಲೆಯನ್ನು ಸುಡಲಿಲ್ಲ, ಹೊಸ ಓಲೆಯನ್ನು ಬರೆದರು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. ಹರಳಯ್ಯನವರ ಗವಿಯ ಮುಂದೆ ನಿಂತಾಗ ಕಲ್ಯಾಣದ ಇನ್ನೊಂದು ಮುಖವನ್ನೂ ನೋಡಬೇಕಾಯಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಶರಣರಾದ ಮಧುವರಸರ ಮಗಳಿಗೂ ಮದುವೆಯಾಯಿತು. ಇದನ್ನು ಸಹಿಸದವರು ಅರಸನ ಕಿವಿಯೂದಿದರು. ವರ್ಣಸಂಕರವೆಂದು ಬಗೆದ ಬಿಜ್ಜಳನು ಇಬ್ಬರು ಹಿರಿಯರಿಗೂ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ಪರಂಪರೆ ಹೇಳುತ್ತದೆ. ಒಂದು ಮದುವೆಯನ್ನು ಒಪ್ಪದಿರುವುದು ಅಭಿಪ್ರಾಯ. ಮದುವೆ ಮಾಡಿದವರ ಕಣ್ಣು ಕೀಳಿಸುವುದು ದ್ವೇಷ. ಅಂದು ಕಲ್ಯಾಣವನ್ನು ಕೆಡಿಸಿದುದು ಈ ದ್ವೇಷ.

ಆದರೆ ಕಥೆ ಅಲ್ಲಿಗೂ ನಿಲ್ಲಲಿಲ್ಲ. ಸೇಡಿನ ಕಿಚ್ಚಿನಲ್ಲಿ ಜಗದೇವ, ಮೊಲ್ಲೆಯ, ಬೊಮ್ಮಯ್ಯರು ಬಿಜ್ಜಳನನ್ನು ಕೊಂದರೆಂದು ನಮ್ಮ ಪುರಾಣಗಳೇ ಹೇಳುತ್ತವೆ. ಜೈನ ಕೃತಿಗಳು ಬೇರೆಯ ರೀತಿಯಲ್ಲಿ ಹೇಳುತ್ತವೆ. ಆ ಕೊಲೆಗೆ ಮೊದಲೇ ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ನಡೆದಿದ್ದರೆಂಬ ಪರಂಪರೆ ಬಲವಾಗಿದೆ. ಅದು ಹೇಗೇ ಇರಲಿ, ಆ ಕತ್ತಿಯನ್ನು ನಾವು ಹೆಮ್ಮೆಯಿಂದ ನೆನೆಯುವಂತಿಲ್ಲ. ಬಸವಣ್ಣನವರು ತಮ್ಮ ಏಳು ಸೂತ್ರಗಳ ವಚನದಲ್ಲಿ ಕೊಲೆಯನ್ನು ನಿಷೇಧಿಸಿ ಸುಮ್ಮನಾಗಲಿಲ್ಲ. ಸಿಟ್ಟನ್ನೂ ಇತರರ ಬಗೆಗಿನ ಹೇಸಿಕೆಯನ್ನೂ ನಿಂದೆಯನ್ನೂ ಅದೇ ಸಾಲಿನಲ್ಲಿ ಕೂಡಿಸಿದರು. ಏಕೆ? ಕೊಲೆ ಕೊನೆಯ ಮೆಟ್ಟಿಲು. ಅಸಹ್ಯ ಮೊದಲ ಮೆಟ್ಟಿಲು ಎಂಬುದನ್ನು ಅವರು ಬಲ್ಲರು. ಕತ್ತಿಯನ್ನು ಹಿಡಿದವರು ಮೂವರೇ ಇರಬಹುದು, ಪಿಸ್ತೂಲನ್ನು ಹಿಡಿದವರು ಇಬ್ಬರೇ ಇರಬಹುದು. ಆದರೆ ಅವರು ನಿಂತ ಮೆಟ್ಟಿಲುಗಳನ್ನು ಕಟ್ಟಿದವರು ಎಷ್ಟು ಜನ? ಓದದೆ ಹಾಕಿದ ನಮ್ಮ ಒಂದು ಸಹಿಯೂ ಒಂದು ಕಲ್ಲಾಗಿರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಕೆಲವರು ಕೇಳಬಹುದು: ಹಾಗಾದರೆ ಕೆಟ್ಟ ಅಭಿಪ್ರಾಯವನ್ನೂ ಸಹಿಸಿಕೊಂಡು ಕುಳಿತಿರಬೇಕೆ? ಅಸ್ಪೃಶ್ಯತೆ ಧರ್ಮಸಮ್ಮತವೆನ್ನುವವನಿಗೂ ನಮಸ್ಕಾರ ಮಾಡಬೇಕೆ? ಪ್ರಶ್ನೆ ಯೋಗ್ಯವಾದುದೇ. ಶರಣರು ಜಾತಿಭೇದವನ್ನು ಸಹಿಸಲಿಲ್ಲ. ಅವರ ನುಡಿಗಳು ಎಷ್ಟೋ ಕಡೆ ಚಾಟಿಯೇಟಿನಂತಿವೆ. ಆದರೆ ಕಠಿಣ ನುಡಿಯೇ ದ್ವೇಷವಲ್ಲ. ವೈದ್ಯನ ಶಸ್ತ್ರಕ್ಕೂ ಕೊಲೆಗಾರನ ಶಸ್ತ್ರಕ್ಕೂ ಹರಿತ ಒಂದೇ. ಒಂದು ಎದುರಿನವನು ಉಳಿಯಲೆಂದು ಕೊಯ್ಯುತ್ತದೆ, ಇನ್ನೊಂದು ಅವನು ಇರಬಾರದೆಂದು ಕೊಯ್ಯುತ್ತದೆ. ಅನ್ಯಾಯವನ್ನು ತಡೆಯಲು ಮಾಚಯ್ಯನವರಂತೆ ಎದ್ದು ನಿಲ್ಲಬೇಕಾಗಬಹುದು; ಉಳವಿಯ ದಾರಿಯಲ್ಲಿ ಶರಣರನ್ನೂ ವಚನಗಳನ್ನೂ ಕಾಯಲು ಅವರು ಹಿಂದೆ ನಿಂತು ಕಾದಿದರಂತೆ. ಕಾಯುವುದು ಬೇರೆ, ಹುಡುಕಿಕೊಂಡು ಹೋಗಿ ಬಾಗಿಲು ತಟ್ಟುವುದು ಬೇರೆ.

ನಮಗೆ ತೋಚಿದ ಒರೆಗಲ್ಲು ಇಷ್ಟು. ನಮ್ಮನ್ನು ವಿರೋಧಿಸುವವನು ನಾಳೆ ಮನಸ್ಸು ಬದಲಿಸಿ ಬಂದರೆ ನಮಗೆ ಸಂತೋಷವಾಗುವುದೆ? ಆಗುವುದಾದರೆ ನಮ್ಮದು ಭಿನ್ನಾಭಿಪ್ರಾಯ. ಅವನು ಬಾರದಿದ್ದರೂ ಅವನ ಮನೆಯ ಕಷ್ಟಕ್ಕೆ ನಮ್ಮ ಕರುಳು ಮರುಗುವುದೆ? ಮರುಗುವುದಾದರೆ ಇನ್ನೂ ಚಿಂತೆಯಿಲ್ಲ. ಆದರೆ ಅವನು ತಪ್ಪಾಗಿಯೇ ಇರಲಿ, ನಾವು ಬಯ್ಯುತ್ತಲೇ ಇರೋಣ ಎಂಬ ಗುಪ್ತವಾದ ಸುಖ ಮನಸ್ಸಿನಲ್ಲಿ ಮೂಡಿದರೆ ಅದು ದ್ವೇಷದ ಮೊಳಕೆಯೆಂದು ತಿಳಿಯಬೇಕು. ಅದನ್ನು ಲಿಂಗಪೂಜೆಯ ಹೊತ್ತಿನಲ್ಲಿಯೇ ಚಿವುಟಬೇಕು.

ಊರ ಹೊರಗೆ 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯನ್ನೂ ಕಂಡೆವು. ಅದನ್ನು ನಿರ್ಮಿಸಿದ ಪೀಠದವರು ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದುದು ದೊಡ್ಡ ವಿವಾದವಾಗಿತ್ತು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಾದ ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ನ್ಯಾಯಾಲಯಗಳಲ್ಲಿ ಎರಡು ದಶಕಗಳ ಕಾಲ ನಡೆಯಿತು. ನಮ್ಮ ಬಳಗದಲ್ಲಿ ಅಂಕಿತ ಬದಲಾವಣೆಯನ್ನು ಒಪ್ಪುವವರು ಯಾರೂ ಇಲ್ಲ. ಆದರೂ ಪ್ರತಿಮೆಯ ಪಾದದ ಬಳಿ ಎಲ್ಲರೂ ಕೈಮುಗಿದೆವು. ಒಪ್ಪದುದನ್ನು ಒಪ್ಪದೆಯೇ, ಒಪ್ಪುವುದಕ್ಕೆ ತಲೆಬಾಗಲು ಬರುತ್ತದೆ.

ಮಧ್ಯಾಹ್ನ ದಾಸೋಹದ ಸಾಲಿನಲ್ಲಿ ಕುಳಿತೆವು. ಗೋದಿ ಹುಗ್ಗಿ, ಅನ್ನ, ಸಾರು, ಬದನೆಕಾಯಿ ಪಲ್ಯ. ಜನಸಂದಣಿಯಲ್ಲಿ ಆಸನ ಆಯ್ದುಕೊಳ್ಳಲು ಅವಕಾಶವಿರಲಿಲ್ಲ. ಮೊಮ್ಮಗಳನ್ನು ನಡುವಿಟ್ಟುಕೊಂಡು ಮಾಸ್ತರರೂ ಸಾವಕಾರರೂ ಒಂದೇ ಪಂಕ್ತಿಯಲ್ಲಿ ಕುಳಿತುಬಿಟ್ಟರು. ಬಡಿಸುವ ಹುಡುಗ ಬಂದು ಸಾವಕಾರರ ತಟ್ಟೆಗೆ ಹುಗ್ಗಿಯ ಸೌಟನ್ನು ಎತ್ತಿದನು. ಮಾಸ್ತರರು ಥಟ್ಟನೆ ಕೈ ಅಡ್ಡ ಮಾಡಿ, “ಏ ತಮ್ಮಾ, ಅವರಿಗೆ ಸಿಹಿ ಹಾಕಬ್ಯಾಡ. ಸಕ್ಕರಿ ಬ್ಯಾನಿ ಐತಿ,” ಎಂದರು.

ಹೇಳಿದ ಮೇಲೆ ತಾವೇ ಬೆಚ್ಚಿದವರಂತೆ ತಲೆ ತಗ್ಗಿಸಿದರು. ಸಾವಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬೀಗರ, ನಿಮಗಿನ್ನೂ ನೆನಪೈತೇನ್ರಿ?” ಎಂದರು.

“ಮರಿಯೂ ಹಂಗದ ಏನು? ದವಾಖಾನಿಗೆ ಮೊದಲ ಸಲ ಕರಕೊಂಡು ಹೋಗಿದ್ದು ಯಾರು?”

“ನೀವ ಹೋಗಿದ್ರಿ. ಮಾತು ಮಾತ್ರ ಇವತ್ತೂ ನಂದ ಖರೇ ಐತಿ, ಬೀಗರ.”

“ಅಲ್ಲಾ. ಅದನ್ನ ಬಸ್ಸಿನ್ಯಾಗ ಹೇಳ್ತೀನಿ. ಈಗ ಪ್ರಸಾದ ತಗೋರಿ.”

ಹುಡುಗಿ ಇಬ್ಬರ ಮುಖವನ್ನೂ ನೋಡಿ ತನ್ನ ಅಂಚೆಯ ಕೆಲಸ ಹೋಯಿತೆಂಬಂತೆ ಹುಗ್ಗಿಯ ಕಡೆಗೆ ತಿರುಗಿದಳು. ಸ್ವಲ್ಪ ದೂರದಲ್ಲಿ ನೀರು ಕೊಡುತ್ತ ನಿಂತಿದ್ದ ಮಗಳು ಸೆರಗಿನಿಂದ ಕಣ್ಣೊರಸಿಕೊಂಡುದನ್ನು ನಾವು ನೋಡಿಯೂ ನೋಡದಂತಿದ್ದೆವು.

ಮರಳುವ ದಾರಿಯಲ್ಲಿ ಇಬ್ಬರೂ ಒಂದೇ ಆಸನದಲ್ಲಿ ಕುಳಿತು ಜೇವರ್ಗಿಯವರೆಗೂ ವಾದಿಸಿದರು. ಒಬ್ಬರು ವಚನಗಳನ್ನು ಆಧಾರವಾಗಿಟ್ಟರೆ ಇನ್ನೊಬ್ಬರು ‘ಸಿದ್ಧಾಂತ ಶಿಖಾಮಣಿ’ಯನ್ನು ಮುಂದಿಟ್ಟರು. ದನಿ ಏರಿತು, ಇಳಿಯಿತು. ಒಬ್ಬರೂ ಸೋಲಲಿಲ್ಲ, ಒಬ್ಬರೂ ಬದಲಾಗಲಿಲ್ಲ. ನಮಗೂ ಈ ವಿಷಯದಲ್ಲಿ ಒಂದು ಅಭಿಪ್ರಾಯವುಂಟು. ಅದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಧಾರವಾಡ ಹತ್ತಿರವಾದಾಗ ಮಾಸ್ತರರು, “ಬಸವ ಜಯಂತಿಗೆ ಮನಿಗೆ ಬರ್ರಿ, ಬೀಗರ. ಉಳಿದದ್ದನ್ನ ಅಲ್ಲಿ ಮುಗಸೋಣು,” ಎಂದರು. “ಮುಗಿಯೂದಿಲ್ಲ ಬಿಡ್ರಿ. ಆದರ ಬರ್ತೀನಿ,” ಎಂದರು ಸಾವಕಾರರು.

ಓದುಗ ಬಂಧುಗಳೇ, ನಮ್ಮ ಸಮಾಜದ ಮನೆಮನೆಗಳಲ್ಲಿ ಇಂತಹ ಬಿಟ್ಟೆದ್ದ ಎಡೆಗಳು ಎಷ್ಟೋ ಇವೆ. ಅಣ್ಣತಮ್ಮಂದಿರು, ಬೀಗರು, ಒಂದೇ ಮಠದ ಭಕ್ತರು ಒಂದು ಅಭಿಪ್ರಾಯದ ಕಾರಣದಿಂದ ಒಬ್ಬರ ಮುಖವನ್ನು ಒಬ್ಬರು ನೋಡದೆ ವರ್ಷಗಳನ್ನು ಕಳೆಯುತ್ತಿದ್ದಾರೆ. ಅಭಿಪ್ರಾಯವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಎದುರಿನವರ ಮಾತನ್ನು ಪೂರ್ತಿಯಾಗಿ ಕೇಳಿ, ಅವರ ಪುಸ್ತಕವನ್ನು ಓದಿ, ಆಮೇಲೆ ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು ಹೇಳೋಣ. ಅವರ ಗುರುವನ್ನು, ಅವರ ಮನೆಯ ಹೆಣ್ಣುಮಕ್ಕಳನ್ನು ಮಾತಿನ ನಡುವೆ ಎಳೆಯದಿರೋಣ. ಊಟದ ಪಂಕ್ತಿಯಿಂದ ಯಾರನ್ನೂ ಏಳಿಸದಿರೋಣ.

ರಾತ್ರಿ ಹನ್ನೊಂದರ ಸುಮಾರಿಗೆ ಬಸ್ಸು ಮತ್ತೆ ಕಲ್ಯಾಣನಗರದ ಆ ಬೀದಿಯನ್ನು ಹೊಕ್ಕಿತು. ಮನೆಗಳ ಬಾಗಿಲುಗಳು ಮುಚ್ಚಿದ್ದವು. ನಮ್ಮ ಮನೆಯ ಬಾಗಿಲನ್ನು ತಟ್ಟಿದೆವು. ಯಾರೆಂದು ಕೇಳದೆಯೇ ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. ಕೇಳದೆ ಬಾಗಿಲು ತೆರೆಯುವ ಆ ನಂಬಿಕೆ ಈ ನಾಡಿನ ಯಾವ ಮನೆಯಲ್ಲಿಯೂ ಅಳಿಯದಿರಲಿ ಎಂದು ಬಯಸುತ್ತ ಒಳಗೆ ಕಾಲಿಟ್ಟೆವು.